ಮೇಷ್ಟ್ರು ಕೇಳಿದ ಪ್ಲಾಸ್ಟಿಕ್ ಕುರ್ಚಿ

ಇದರಲ್ಲಿ ಊರು, ವಯಸ್ಸು, ಮನೆಯವರ ವಿವರ ಎಲ್ಲ ಬದಲಾಯಿಸಿದೀನಿ. ಬರೀತೀನಿ ಅಂತ ಕೇಳಿದ್ದಕ್ಕೆ ಅವರೇ "ಬರೀರಮ್ಮಾ, ಆದ್ರೆ ಲೆಕ್ಕ ತಪ್ಪು ಬರೀಬೇಡಿ" ಅಂದ್ರು, ಯಾಕಂದ್ರೆ ಅವರು ರಿಟೈರ್ಡ್ ಗಣಿತದ ಮೇಷ್ಟ್ರು, ಅದನ್ನ ಮಾತ್ರ ಬದಲಾಯಿಸಬೇಡಿ ಅಂತಾನೂ ಅವರೇ ಹೇಳಿದ್ದು.

ಮೇಷ್ಟ್ರನ್ನ ನನ್ನ ಹತ್ರ ಸಲಹೆಗೆ ಅಂತ ಕರ್ಕೊಂಡು ಬಂದಿದ್ದು ಮಗಳು. ಅಪ್ಪಂಗೆ ಡಿಪ್ರೆಶನ್ ಮೇಡಂ, ವಾಕಿಂಗ್ ಬಿಟ್ರು, ಮದುವೆ ಮುಂಜಿಗೆ ಬರಲ್ಲ, ದೇವಸ್ಥಾನ ಬಿಟ್ರು, ಒಬ್ಬರೇ ಹಿಂದಿನ ರೂಮಲ್ಲಿ ಮಲಗ್ತಾರೆ, ಅಮ್ಮನ ಹತ್ರ ಮಾತಿಲ್ಲ. 14 ತಿಂಗಳ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಗಿದೆ, ಪಿಎಸ್‌ಎ (ಕ್ಯಾನ್ಸರ್ ಮತ್ತೆ ಬಂದಿದೆಯಾ ಅಂತ ನೋಡೋ ರಕ್ತ ಪರೀಕ್ಷೆ) ಸೂಪರ್ ಆಗಿದೆ ಅಂತ ಡಾಕ್ಟ್ರೇ ಹೇಳಿದಾರೆ, ಮತ್ಯಾಕೆ ಹಿಂಗೆ?

ನನ್ನ ರೂಮಲ್ಲಿ ಒಂದು ಕುಶನ್ ಸೋಫಾ ಇದೆ. ಮೇಷ್ಟ್ರು ಅದನ್ನ ನೋಡಿ ನಿಂತೇ ಇದ್ರು. "ನಂಗೆ ಒಂದು ಪ್ಲಾಸ್ಟಿಕ್ ಕುರ್ಚಿ ಸಿಗತ್ತಾಮ್ಮಾ, ಸೊಂಟ ನೋವು" ಅಂದ್ರು. ಸೊಂಟ ನೋವಿರೋರು ಪ್ಲಾಸ್ಟಿಕ್ ಕುರ್ಚಿ ಕೇಳೋದು ನಾನಂತೂ ನೋಡಿಲ್ಲ. ಜೊತೆಗೆ ಅಷ್ಟು ಸೆಕೆಯಲ್ಲೂ ದಪ್ಪ ಕಪ್ಪು ಪ್ಯಾಂಟು, ಆದ್ರೆ ಮಗಳ ಮೊಬೈಲಲ್ಲಿದ್ದ ಹಳೇ ಫೋಟೋಗಳಲ್ಲೆಲ್ಲ ಬಿಳಿ ಪಂಚೆ. ಮಗಳನ್ನ ಹೊರಗೆ ಕೂರೋಕೆ ಹೇಳಿ ನೇರವಾಗೇ ಕೇಳಿದೆ, "ಮೇಷ್ಟ್ರೇ, ಆಪರೇಷನ್ ಆದ್ಮೇಲೆ ಒಂದಕ್ಕೆ ತಡೆಯೋಕೆ ಆಗ್ತಿಲ್ವಾ? ಬಹಳ ಜನಕ್ಕೆ ಆಗತ್ತೆ, ಅದಕ್ಕೇ ಕೇಳ್ತಿದೀನಿ." ಸುಮಾರು ಹೊತ್ತು ಸುಮ್ನಿದ್ರು. ಆಮೇಲೆ "14 ತಿಂಗಳಲ್ಲಿ ಈ ಪ್ರಶ್ನೆ ಕೇಳಿದ್ದು ನೀವೇ ಮೊದಲು" ಅಂದ್ರು.

ನಂಗೆ ಸಿಟ್ಟು ಬಂದಿದ್ದು ಅಲ್ಲಿ. ಮೂರು ತಿಂಗಳಿಗೊಂದ್ಸಲ ಫಾಲೋ ಅಪ್‌ಗೆ ಹೋಗಿದಾರೆ, ಪ್ರತಿ ಸಲ ರಿಪೋರ್ಟ್ ನೋಡಿ ನಂಬರ್ ಚೆನ್ನಾಗಿದೆ ಅಂತ ಎರಡೇ ನಿಮಿಷದಲ್ಲಿ ಕಳಿಸಿದಾರೆ, ಸೋರತ್ತಾ ಅಂತ ಯಾರೂ ಕೇಳಿಲ್ಲ, ಇವರೂ ಹೇಳಿಲ್ಲ. ಹೇಳದೇ ಇದ್ದದ್ದಕ್ಕೆ ಕಾರಣ ನಾಚಿಕೆ ಒಂದೇ ಅಲ್ಲ. ಸೋರ್ತಿದೆ ಅಂದ್ರೆ ಕ್ಯಾನ್ಸರ್ ಒಳಗೆ ಉಳ್ಕೊಂಡಿದೆ ಅಂತ ಅವರ ಲೆಕ್ಕ, ಹೇಳಿದ್ರೆ ಮತ್ತೆ ಕುಯ್ತಾರೆ ಅಂತ ಭಯ. ಅಂದ್ರೆ ಈ ಮನುಷ್ಯ ಒಂದು ವರ್ಷದಿಂದ ದಿನಾ ನಾಲ್ಕೈದು ಪ್ಯಾಡ್ ಬದಲಾಯಿಸ್ತಾ, ಪ್ರತಿ ಪ್ಯಾಡಲ್ಲೂ ಸಾವಿನ ನೋಟೀಸ್ ಓದ್ತಾ ಕೂತಿದ್ರು.

ಮೊದಲು ಆ ಗಂಟು ಬಿಡಿಸ್ದೆ. ಪಿಎಸ್‌ಎ ಕ್ಯಾನ್ಸರ್ ಲೆಕ್ಕ, ಸೋರೋದು ನಲ್ಲಿ ಲೆಕ್ಕ, ಎರಡೂ ಬೇರೆ ಬೇರೆ ಪುಸ್ತಕ. ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ ಪ್ರಾಸ್ಟೇಟ್ ಕೂತಿರತ್ತೆ. ತಡೆಯೋಕೆ ಅಲ್ಲಿ ಎರಡು ವಾಲ್ವ್ ಇದ್ದ ಹಾಗೆ, ಮೇಲಿಂದು ಮೂತ್ರಕೋಶದ ಬಾಯಲ್ಲಿ ನಮಗೆ ಗೊತ್ತಾಗದೇ ತಾನೇ ಕೆಲಸ ಮಾಡತ್ತೆ, ಕೆಳಗಿಂದು ನಾವು ಬಿಗಿ ಹಿಡಿಯೋದು. ಪ್ರಾಸ್ಟೇಟ್ ಪೂರ್ತಿ ತೆಗೆದಾಗ ಮೇಲಿನ ವಾಲ್ವ್‌ಗೆ ಏಟು ಬೀಳತ್ತೆ, ಅಲ್ಲಿವರೆಗೆ ಎರಡನೇ ಡ್ಯೂಟೀಲಿದ್ದ ಕೆಳಗಿನದ್ದರ ಮೇಲೆ ಪೂರ್ತಿ ಭಾರ. ಅದಕ್ಕೇ ಕೆಮ್ಮಿದ್ರೆ, ಎದ್ರೆ, ಬಕೆಟ್ ಎತ್ತಿದ್ರೆ ಸೋರೋದು.

"ಹಂಗಾದ್ರೆ ನನ್ನ ಆಪರೇಷನ್ ಫೇಲ್ ಅಲ್ವಾ?" ಅಂದ್ರು. ಲೆಕ್ಕದ ಮನುಷ್ಯನಿಗೆ ಸಮಾಧಾನದ ಮಾತು ಹೇಳಿ ಪ್ರಯೋಜನ ಇಲ್ಲ ಅಂತ ಬ್ರಿಟನ್ನಿನ ಪ್ರೊಟೆಕ್ಟ್ ಅನ್ನೋ ಸ್ಟಡಿ ಮುಂದಿಟ್ಟೆ. ಪ್ರಾಸ್ಟೇಟ್ ಬಿಟ್ಟು ಹೊರಗೆ ಹರಡದ ಕ್ಯಾನ್ಸರ್ ಇದ್ದ 1,643 ಗಂಡಸರನ್ನ ಮೂರು ಗುಂಪು ಮಾಡಿದ್ರು, ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಇನ್ನೊಂದಕ್ಕೆ ಬರೀ ನಿಗಾ. 2016ರಲ್ಲಿ ಬಂದ ವರದಿ ಪ್ರಕಾರ ಆಪರೇಷನ್ ಗುಂಪಲ್ಲಿ ಆರು ತಿಂಗಳ ಹೊತ್ತಿಗೆ 100ಕ್ಕೆ 46 ಜನ ಪ್ಯಾಡ್ ಹಾಕ್ತಿದ್ರು, ಆರು ವರ್ಷ ಆದ್ಮೇಲೂ 17 ಜನ. "ಅರ್ಧ ಕ್ಲಾಸು!" ಅಂತ ಮೇಷ್ಟ್ರು ಕುರ್ಚಿ ಮುಂದಕ್ಕೆಳೆದ್ರು, "ಅರ್ಧ ಕ್ಲಾಸು ಫೇಲಾದ್ರೆ ಅದು ಹುಡುಗರ ತಪ್ಪಲ್ಲಮ್ಮಾ, ಪೇಪರ್ರೇ ಕಷ್ಟ ಇದೆ ಅಂತ." ಅವರ ಮುಖದಲ್ಲಿ ನಗು ಅನ್ನೋದು ಕಂಡಿದ್ದು ಆಗಲೇ. ಅದೇ ಸ್ಟಡಿಯ 15 ವರ್ಷದ ಲೆಕ್ಕ 2023ರಲ್ಲಿ ಬಂತು, ಮೂರೂ ಗುಂಪು ಸೇರಿ ಪ್ರಾಸ್ಟೇಟ್ ಕ್ಯಾನ್ಸರಿಂದ ತೀರಿಕೊಂಡವರು 100ಕ್ಕೆ ಮೂರು ಜನಾನೂ ಇಲ್ಲ ಅಂತ ಅದನ್ನೂ ಹೇಳಿದೆ. ಎಲ್ಲರ ಕ್ಯಾನ್ಸರ್ ಒಂದೇ ಥರ ಅಲ್ಲ, ನಿಮ್ಮದರ ಬಗ್ಗೆ ನಿಮ್ಮ ಯೂರಾಲಜಿಸ್ಟೇ, ಅಂದ್ರೆ ಮೂತ್ರರೋಗದ ಡಾಕ್ಟ್ರೇ ಹೇಳಬೇಕು ಅಂತಾನೂ ಸೇರಿಸಿದೆ.

ಇಷ್ಟು ಹೊತ್ತಿಗೆ ಬೇರೆ ವಿಷಯಗಳೂ ಹೊರಗೆ ಬಂದ್ವು. ಸೋರತ್ತೆ ಅಂತ ನೀರು ಕುಡಿಯೋದನ್ನ ದಿನಕ್ಕೆ ಮೂರು ಲೋಟಕ್ಕೆ ಇಳಿಸಿದ್ರು, ಆದ್ರೆ ಕಾಫಿ ಮಾತ್ರ ಐದು ಸಲ. ನೀರು ಕಮ್ಮಿ ಆದ್ರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶಕ್ಕೆ ಇನ್ನೂ ಕಿರಿಕಿರಿ, ಜೊತೆಗೆ ಮಲಬದ್ಧತೆ, ಮುಕ್ಕಿದ್ರೆ ಮತ್ತೆ ಸೋರತ್ತೆ. ಇನ್ನೊಂದು, ಯಾರೋ ಗೆಳೆಯರು ಹೇಳಿದ್ರು ಅಂತ ಮೆಡಿಕಲ್ ಶಾಪಿಂದ ಚೀಟಿ ಇಲ್ದೇನೇ "ಯೂರಿನ್ ಕಂಟ್ರೋಲ್" ಮಾತ್ರೆ ತಗೊಂಡು ಎರಡು ತಿಂಗಳು ನುಂಗಿದಾರೆ. ಅದು ತಡೆಯೋಕಾಗದಷ್ಟು ಅವಸರ ಬರೋರಿಗೆ ಕೊಡೋ ಮಾತ್ರೆ, ಕೆಮ್ಮಿದ್ರೆ ಸೋರೋರಿಗಲ್ಲ. ಬಾಯಿ ಒಣಗೋದು, ಮಲಬದ್ಧತೆ, ವಯಸ್ಸಾದವರಲ್ಲಿ ಮರೆವು ಗೊಂದಲ ಇದೆಲ್ಲ ಅದರ ಕೊಡುಗೆ. ತೋರಿಸಿ ಡಾಕ್ಟ್ರ ಹತ್ರ ಕೇಳಿ ಅಂದೆ, ಅವರು ನಿಲ್ಲಿಸಿದ್ರು.

ಮೂರು ದಿನ ಡೈರಿ ಬರೆಯೋಕೆ ಹೇಳಿದೆ, ಯಾವಾಗ ಏನು ಕುಡಿದ್ರಿ, ಯಾವಾಗ ಹೋದ್ರಿ, ಯಾವಾಗ ಸೋರ್ತು, ಆಗ ಏನು ಮಾಡ್ತಿದ್ರಿ. ಜೊತೆಗೆ ಒಣ ಪ್ಯಾಡ್ ತೂಗಿ, ಒದ್ದೆ ಪ್ಯಾಡನ್ನ ಕವರಲ್ಲಿ ಕಟ್ಟಿ ತೂಗಿ, ಕಳೀರಿ, ಒಂದು ಗ್ರಾಂ ಅಂದ್ರೆ ಹತ್ರ ಹತ್ರ ಒಂದು ಎಂಎಲ್. ಬೇರೆಯವರಿಗೆ ಇದನ್ನ ಹೇಳಿದ್ರೆ ಮುಖ ಸಿಂಡರಿಸ್ತಾರೆ, ಇವರು ಗೆರೆ ಎಳೆದ ಲಾಂಗ್ ನೋಟ್‌ಬುಕ್ಕಲ್ಲಿ ಕಾಲಂ ಹಾಕ್ಕೊಂಡು, ಕೆಳಗೆ ಸರಾಸರಿ ಬರ್ಕೊಂಡು ಬಂದ್ರು! ದಿನಕ್ಕೆ 380 ಗ್ರಾಂ. ಮಲಗಿದಾಗ ಸೊನ್ನೆ, ಬೆಳಿಗ್ಗೆ ಕಮ್ಮಿ, ಸಂಜೆ ನಾಲ್ಕರ ಮೇಲೆ ಜಾಸ್ತಿ. ಸ್ನಾಯು ದಿನವೆಲ್ಲ ದುಡಿದು ಸಂಜೆಗೆ ಸುಸ್ತಾಗೋದೇ ಇದು. ರಾತ್ರಿ ಒಂದು ಹನಿ ಸೋರದೇ ಇದ್ರೂ ಹಾಸಿಗೆ ಬೇರೆ ಮಾಡ್ಕೊಂಡು ಪ್ಲಾಸ್ಟಿಕ್ ಶೀಟ್ ಮೇಲೆ ಮಲಗ್ತಿದ್ರಲ್ಲ, ಅದು ಅವರದೇ ಅಂಕಿ ನೋಡಿ ಅವರಿಗೇ ಗೊತ್ತಾಯ್ತು.

ಆ ಕೆಳಗಿನ ವಾಲ್ವ್ ಗಟ್ಟಿ ಮಾಡೋ ವ್ಯಾಯಾಮ ಮಾಡ್ತಿದೀರಾ ಅಂದೆ. "ಮಾಡ್ತೀನಿ, ಆದ್ರೆ ಅದರಿಂದ ಏನೂ ಆಗಲ್ಲ ಅಂತ ಸಾಬೀತಾಗಿದೆ, ಮಗ ಅಮೆರಿಕದಿಂದ ಕಳಿಸಿದ್ದ" ಅಂತ ಪ್ರಿಂಟೌಟ್ ತೆಗೆದ್ರು. ಸುಳ್ಳಲ್ಲ. 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟಿಷ್ ಸ್ಟಡಿ, ಆಪರೇಷನ್ ಆದ ಕೆಲವೇ ವಾರಕ್ಕೆ ಥೆರಪಿಸ್ಟ್ ಹತ್ರ ಒಬ್ಬೊಬ್ಬರಾಗಿ ಕಲಿತವರಿಗೂ ಮಾಮೂಲಿ ಆರೈಕೆ ಸಿಕ್ಕವರಿಗೂ ವರ್ಷದ ಕೊನೆಗೆ ವ್ಯತ್ಯಾಸ ಇರಲಿಲ್ಲ, ಕಲಿತವರಲ್ಲಿ 100ಕ್ಕೆ 76 ಜನಕ್ಕೆ, ಉಳಿದವರಲ್ಲಿ 77 ಜನಕ್ಕೆ ಇನ್ನೂ ಸೋರ್ತಿತ್ತು. ಆದ್ರೆ ಅದೇ 2011ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಇನ್ನೊಂದು ಬಂತು, ಅದರಲ್ಲಿದ್ದ 208 ಜನ ಆಪರೇಷನ್ ಆಗಿ ಒಂದು ವರ್ಷ ದಾಟಿದ್ರೂ ಸೋರ್ತಿದ್ದವರು, ಕೆಲವರಿಗೆ 17 ವರ್ಷ. ಎಂಟು ವಾರ ಸರಿಯಾಗಿ ಕಲಿಸಿ ಮಾಡಿಸಿದವರಲ್ಲಿ ವಾರಕ್ಕೆ 28 ಸಲ ಸೋರ್ತಿದ್ದದ್ದು 13ಕ್ಕೆ ಇಳೀತು, ಏನೂ ಮಾಡದೇ ಕಾದವರಲ್ಲಿ 25 ಇದ್ದದ್ದು 21ಕ್ಕೆ ಅಷ್ಟೇ. ನೀವು ಯಾವ ಕ್ಲಾಸಲ್ಲಿದೀರಿ ಹೇಳಿ ಅಂದೆ. ಮೊದಲ ವರ್ಷ ಕಾಲವೇ ಅರ್ಧ ಕೆಲಸ ಮಾಡತ್ತೆ, ಅಲ್ಲಿ ಥೆರಪಿಸ್ಟ್ ಹೆಚ್ಚುಗಾರಿಕೆ ಕಾಣದೇ ಇರಬಹುದು ಅಂತ ನನ್ನ ಅನಿಸಿಕೆ. ಮೇಷ್ಟ್ರು ಎರಡೂ ಸ್ಟಡೀನ ಮನೆಗೆ ತಗೊಂಡು ಹೋದ್ರು.

ಅವರು ಮಾಡ್ತಿದ್ದ ವ್ಯಾಯಾಮ ಹೇಗಿತ್ತು ಅಂದ್ರೆ ಉಸಿರು ಕಟ್ಟಿ, ಕುಂಡೆ ಬಿಗಿದು, ಹೊಟ್ಟೆ ಒತ್ತಿ, ಅಂದ್ರೆ ಬಾಗಿಲು ಹಾಕೋ ಬದಲು ಒಳಗಿಂದ ತಳ್ಳೋದು. ನಾನು ಫಿಸಿಯೋ ಅಲ್ಲ, ಇದನ್ನ ಗೊತ್ತಿರೋರೇ ಕಲಿಸಬೇಕು, ಮಂಡಿ ನೋವಿಗೆ ಕರೆಂಟ್ ಕೊಡೋ ಫಿಸಿಯೋ ಗಲ್ಲಿಗೊಬ್ಬರಿದಾರೆ, ಇದನ್ನ ಬಲ್ಲವರನ್ನ ಹುಡುಕೋಕೆ ಎರಡು ವಾರ ಬೇಕಾಯ್ತು, ಕೊನೆಗೆ ಮೈಸೂರಲ್ಲಿ ಸಿಕ್ರು. ಅವರು ಕಲಿಸಿದ ಸೂಚನೆ ಆಸ್ಟ್ರೇಲಿಯಾದವರ ಸಂಶೋಧನೆಯಿಂದ ಬಂದದ್ದು, "ಅಂಗವನ್ನ ಒಳಕ್ಕೆಳೆದು ಗಿಡ್ಡ ಮಾಡಿ" ಅಂತ, ಹಂಗಂದ್ರೆನೇ ಬೇಕಾದ ಸ್ನಾಯು ಸರಿಯಾಗಿ ಬಿಗಿಯತ್ತಂತೆ. ಹೊಟ್ಟೆ ಸಡಿಲ, ಉಸಿರು ಮಾಮೂಲು, ಮಲಗಿ ಕೂತು ನಿಂತು ದಿನಕ್ಕೆ ಮೂರು ಸಲ. ಜೊತೆಗೆ ಏಳೋ ಮುಂಚೆ, ಕೆಮ್ಮೋ ಮುಂಚೆ ಮೊದಲು ಬಿಗಿ ಹಿಡೀಬೇಕು, ಆಮೇಲೆ ಏಳಬೇಕು. ಮೇಷ್ಟ್ರಿಗೆ ಹೆಚ್ಚು ಕೆಲಸಕ್ಕೆ ಬಂದಿದ್ದು ಈ ಕೊನೇದೇ.

ಮೂರನೇ ಸಲ ಹೆಂಡತೀನೂ ಕರ್ಕೊಂಡು ಬನ್ನಿ ಅಂದೆ. ಆಯಮ್ಮ ಏನಂದ್ಕೊಂಡಿದ್ರು ಗೊತ್ತಾ, ಆಪರೇಷನ್ ಮಾಡಿಸ್ಕೊಳ್ಳಿ ಅಂತ ಹಟ ಹಿಡಿದಿದ್ದು ತಾನು, ಅದಕ್ಕೇ ಇವರಿಗೆ ತನ್ನ ಮೇಲೆ ಕೋಪ, ಅದಕ್ಕೇ ರೂಮ್ ಬೇರೆ ಅಂತ. ಮೇಷ್ಟ್ರು ತಲೆ ತಗ್ಗಿಸಿ ಪೂರ್ತಿ ಹೇಳಿದ್ರು, ಮಡಿ ಕೆಡತ್ತೆ ಅಂತ ದೇವರ ಮನೆಗೆ ಕಾಲಿಡದೇ ಇದ್ದದ್ದನ್ನೂ ಸೇರಿಸಿ. ಆಯಮ್ಮ ಕಣ್ಣೊರೆಸ್ಕೊಂಡು ಬೈದ್ರು, "ಎರಡು ಮಕ್ಕಳ ಉಚ್ಚೆ ಬಟ್ಟೆ ಒಗೆದು ಅದೇ ಕೈಯಲ್ಲಿ ದೀಪ ಹಚ್ಚಿದೀನಿ ನಾನು, ನಂಗಿಲ್ಲದ ಮೈಲಿಗೆ ನಿಮಗೆಲ್ಲಿಂದ ಬಂತು ರೀ?" ನಾನು ನೋಟ್ ಮಾಡ್ಕೊಂಡಿದ್ದ ಅರ್ಧ ಪುಟ ಸಲಹೆ ಅಲ್ಲಿಗೆ ಬೇಡವಾಯ್ತು. ಗಂಡ ಹೆಂಡತಿ ಸಂಬಂಧದ ಇನ್ನೊಂದು ಪ್ರಶ್ನೆ, ಅದನ್ನೂ ಮಾತಾಡಿದ್ವಿ, ಇಲ್ಲಿ ಬರೆಯೋಕೆ ಅವರ ಒಪ್ಪಿಗೆ ಇಲ್ಲ.

ಯೂರಾಲಜಿಸ್ಟ್ ಹತ್ರ ಹೋಗೋವಾಗ ಚೀಟಿ ಬರೆದು ಕೊಟ್ಟೆ, ಪಿಎಸ್‌ಎ ತೋರಿಸೋ ಮೊದಲು ಈ ಚೀಟಿ ಕೊಡಿ ಅಂತ: "ದಿನಕ್ಕೆ 380 ಗ್ರಾಂ, ನಾಲ್ಕೈದು ಪ್ಯಾಡ್, ಕೆಮ್ಮಿದ್ರೆ ಎದ್ರೆ ಸೋರತ್ತೆ." ಈ ಸಲ 20 ನಿಮಿಷ ಮಾತಾಡಿದ್ರಂತೆ. ಇನ್ಫೆಕ್ಷನ್ ಇಲ್ಲ, ನಾಳ ಕಿರಿದಾಗಿಲ್ಲ ಅಂತ ನೋಡಿದ್ರು. ಇದನ್ನ ಓದ್ತಿರೋರು ನೆನಪಿಟ್ಕೊಳ್ಳಿ, ಧಾರೆ ಸಣ್ಣ ಆಗೋದು, ಹೋಗೋಕೇ ಆಗದೇ ಇರೋದು, ಮೂತ್ರದಲ್ಲಿ ರಕ್ತ, ಚಳಿ ಜ್ವರ, ಇದಕ್ಕೆಲ್ಲ ವ್ಯಾಯಾಮ ಮಾಡ್ತಾ ಕೂರಬಾರದು, ತಕ್ಷಣ ಹೋಗಬೇಕು.

ಕೃತಕ ವಾಲ್ವ್ ಬಗ್ಗೆನೂ ಆ ಡಾಕ್ಟ್ರು ಹೇಳಿದಾರೆ. ಮೂತ್ರನಾಳದ ಸುತ್ತ ಒಂದು ಪಟ್ಟಿ, ಹೊಟ್ಟೆಯಲ್ಲಿ ಒಂದು ಬಲೂನು, ವೃಷಣದ ಚೀಲದಲ್ಲಿ ಪಂಪು, ಹೋಗಬೇಕಾದಾಗ ಪಂಪ್ ಒತ್ತಿದ್ರೆ ಪಟ್ಟಿ ಸಡಿಲ, ಸ್ವಲ್ಪ ಹೊತ್ತಿಗೆ ತಾನೇ ಬಿಗಿಯತ್ತೆ. ಖರ್ಚು ಲಕ್ಷಗಳಲ್ಲಿ. 2021ರ ಬ್ರಿಟಿಷ್ ಸ್ಟಡಿಯಲ್ಲಿ ಇದನ್ನೂ ಸ್ಲಿಂಗ್ ಅನ್ನೋ ಇನ್ನೊಂದು ಆಪರೇಷನ್ನನ್ನೂ ಹೋಲಿಸಿದಾಗ, ಯಾವುದು ಮಾಡಿಸ್ಕೊಂಡ್ರೂ ವರ್ಷದ ಮೇಲೆ ಹತ್ತರಲ್ಲಿ ಎಂಟು ಜನಕ್ಕಿಂತ ಜಾಸ್ತಿ "ಸ್ವಲ್ಪವಾದ್ರೂ ಸೋರತ್ತೆ" ಅಂದಿದ್ರು, ಆದ್ರೂ ಬಹಳಷ್ಟು ಜನ ಖುಷಿಯಾಗಿದ್ರು. ಮೇಷ್ಟ್ರು ಸದ್ಯಕ್ಕೆ ಬೇಡ ಅಂದ್ರು.

ಮೂರು ತಿಂಗಳಿಗೆ 380 ಇದ್ದದ್ದು 140 ಆಯ್ತು. ಪೂರ್ತಿ ನಿಂತಿಲ್ಲ, ದಿನಕ್ಕೆ ಎರಡು ಪ್ಯಾಡ್ ಇದ್ದೇ ಇದೆ. ತಂಗಿ ಮಗನ ಮದುವೆಗೆ ಬಿಳಿ ಪಂಚೆ ಉಟ್ಕೊಂಡು ಹೋಗಿ ಪಂಕ್ತಿಯಲ್ಲಿ ಕೂತು ಊಟ ಮಾಡಿದ್ರು, ಆದ್ರೆ ಬಂದು ಒಂದು ದೂರು ಹೇಳಿದ್ರು. ಒದ್ದೆ ಪ್ಯಾಡನ್ನ ಕವರಲ್ಲಿ ಸುತ್ತಿ ಸಂಜೆವರೆಗೂ ಬ್ಯಾಗಲ್ಲಿ ಇಟ್ಕೊಂಡಿದ್ರಂತೆ. "ಹೆಂಗಸರ ಟಾಯ್ಲೆಟ್ಟಲ್ಲಿ ಡಬ್ಬ ಇರತ್ತಂತೆ, ಗಂಡಸರದ್ದರಲ್ಲಿ ಎಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ ನೋಡಿ." ಇಲ್ಲಿಗೆ ಬಂದು ಇಷ್ಟು ವರ್ಷ ಆಯ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವತ್ತೇ ಸಂಜೆ ಮುಚ್ಚಳ ಇರೋ ಒಂದು ಡಬ್ಬ ತಂದು ಇಟ್ಟೆ.

ಹೋದ ವಾರ ಕ್ಲೀನ್ ಮಾಡೋ ಆಯಾ ಬಂದು, "ಮೇಡಂ, ಗಂಡಸರ ಕಡೆ ಡಬ್ಬ ತುಂಬಿದೆ, ದೊಡ್ಡದು ತರಿಸಿ" ಅಂದ್ಲು. ಮೇಷ್ಟ್ರು ಬಂದು ಹೋಗಿ ತಿಂಗಳ ಮೇಲಾಗಿತ್ತು.