ಕಲಬುರಗಿಯಲ್ಲಿ ಅಗ್ನಿಶಾಮಕ ಠಾಣೆಗೆ ಸ್ವಯಂಸೇವಕನಾಗಿ ಸೇರಬಹುದಾ?

ನೀವು ಡಿಗ್ರಿ ಕೊನೆಯ ವರ್ಷದಲ್ಲಿದ್ದೀರಿ, ಕಲಬುರಗಿಯಲ್ಲಿ ರೂಮು ಮಾಡಿಕೊಂಡಿದ್ದೀರಿ. ಹೊರದೇಶಗಳಲ್ಲಿ ಊರಿನ ಜನರೇ ಫೈರ್ ಗಾಡಿ ಹತ್ತಿ ಬೆಂಕಿ ಆರಿಸೋಕೆ ಹೋಗ್ತಾರೆ, ನಮ್ಮಲ್ಲೂ ಹಾಗೆ ಸೇರಬಹುದಾ, ಈಜು ಬರದಿದ್ದರೂ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ಎಂಟು ವರ್ಷದಿಂದ ಗೃಹರಕ್ಷಕ, ಅಂದರೆ ಹೋಂ ಗಾರ್ಡ್. ಅದರಲ್ಲಿ ಜಾಸ್ತಿ ದಿನ ಡ್ಯೂಟಿ ಮಾಡಿದ್ದು ಅಗ್ನಿಶಾಮಕ ಠಾಣೆಯಲ್ಲೇ.

ನಮ್ಮ ಅಗ್ನಿಶಾಮಕ ಇಲಾಖೆ ಪೂರ್ತಿ ಸರ್ಕಾರಿ ಸೇವೆ. ಅಲ್ಲಿರುವ ಅಗ್ನಿಶಾಮಕರು, ಚಾಲಕರು ಎಲ್ಲರೂ ನೇಮಕ ಆಗಿ, ತಿಂಗಳುಗಟ್ಟಲೆ ತರಬೇತಿ ಪಡೆದು ಬಂದವರು. ಹಾಗಾಗಿ ಇವತ್ತು ಹೆಸರು ಬರೆಸಿ ನಾಳೆ ಗಾಡಿ ಹತ್ತೋದು ಆಗಲ್ಲ. ಆದರೆ ದಾರಿ ಇಲ್ಲ ಅಂತಲ್ಲ. ನಾನು ಬಂದ ದಾರಿ ಗೃಹರಕ್ಷಕ ದಳ, ಪೊಲೀಸರಿಗೆ, ಅಗ್ನಿಶಾಮಕರಿಗೆ ನೆರವಾಗುವ ಸ್ವಯಂಸೇವಕರ ದಳ. ಜಿಲ್ಲೆಯಲ್ಲಿ ದಳದ ಮುಖ್ಯಸ್ಥರಾದ ಜಿಲ್ಲಾ ಸಮಾದೇಷ್ಟರ ಕಚೇರಿಯಲ್ಲಿ ಅರ್ಜಿ ಯಾವಾಗ ಕರೀತಾರೆ ಅಂತ ವಿಚಾರಿಸಿ. ಇದು ಖಾಯಂ ನೌಕರಿ ಅಲ್ಲ, ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ ಇರುತ್ತದೆ. ದಳದ ಧ್ಯೇಯವೇ ನಿಷ್ಕಾಮ ಸೇವೆ. ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿಬಿಡಿ, ಆಮೇಲೆ ಬೇಜಾರು ಬೇಡ.

ಇನ್ನೊಂದು, ಆಪದಾ ಮಿತ್ರ. ವಿಪತ್ತಿನಲ್ಲಿ ನೆರವಾಗೋಕೆ ಊರಿನ ಸ್ವಯಂಸೇವಕರನ್ನು ತಯಾರು ಮಾಡೋದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಶುರು ಮಾಡಿದ ಯೋಜನೆ. 12 ದಿನದ ತರಬೇತಿ. ಪ್ರವಾಹ, ಬೆಂಕಿ, ಪ್ರಥಮ ಚಿಕಿತ್ಸೆ, ಹಗ್ಗದ ಕೆಲಸ ಎಲ್ಲಾ ಕಲಿಸುತ್ತಾರೆ. ಹೊಸ ತಂಡ ಇದೆಯಾ ಅಂತ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಕೇಳಿ.

ಇನ್ನು ಕೆಲಸದ ಮಾತು. ವಿಡಿಯೋದಲ್ಲಿ ಬರೀ ಬೆಂಕಿ ಕಾಣಿಸುತ್ತದೆ. ನಾನು ಮೊದಲು ಕಲಿತಿದ್ದು ಹೋಸ್, ಅಂದರೆ ನೀರು ಹಾಯಿಸುವ ಪೈಪು, ಸುತ್ತೋದು. ಒಂದು ಹೋಸ್ 15 ಮೀಟರ್ ಉದ್ದ. ಒಂದು ತುದಿಗೆ ಗಂಡು ಕಪ್ಲಿಂಗ್, ಇನ್ನೊಂದು ತುದಿಗೆ ಹೆಣ್ಣು. ತಿರುಗುಮುರುಗು ಹಾಸಿದರೆ ಜೋಡಣೆ ಆಗಲ್ಲ, ಕತ್ತಲಲ್ಲಿ ಅದನ್ನು ಮತ್ತೆ ಎಳೆದು ಸರಿ ಮಾಡುವಷ್ಟರಲ್ಲಿ ಬೆಂಕಿ ಮುಂದೆ ಹೋಗಿರುತ್ತದೆ. ಒಳಗಿನ ರಬ್ಬರ್ ವಾಷರ್ ಬೆರಳಾಡಿಸಿ ನೋಡಬೇಕು. ಹರಿದಿದ್ದರೆ ನೀರು ಅಲ್ಲೇ ಚಿಮ್ಮಿಹೋಗುತ್ತದೆ, ಮುಂದೆ ಒತ್ತಡ ಸಿಗಲ್ಲ. ಬೆಂಕಿ ಆರಿಸಿ ಬಂದ ಮೇಲೆ ಆ ಹೋಸನ್ನೆಲ್ಲ ತೊಳೆದು, ಒಣಗಿಸಿ, ಮತ್ತೆ ಸುತ್ತಿ ಇಡಬೇಕು. ಮುಂದಿನ ಕರೆ ಯಾವಾಗ ಬರುತ್ತದೋ ಗೊತ್ತಿಲ್ಲ ಅಲ್ವಾ.

ನಮ್ಮ ಕಡೆ ಬೇಸಿಗೆಯಲ್ಲಿ ಜಾಸ್ತಿ ಬರೋದು ಬಣವಿಗೆ, ಅಂದರೆ ಒಟ್ಟಿದ ಮೇವಿಗೆ, ಬೆಂಕಿ ಬಿದ್ದ ಕರೆ. ಒಂದು ಮಾರ್ಚ್ ಮಧ್ಯಾಹ್ನ, ಜೋಳದ ಕಣಕಿ ಬಣವಿಗೆ ಬೆಂಕಿ ಬಿದ್ದಿತ್ತು. ನಾವು ಮುಟ್ಟುವಷ್ಟರಲ್ಲಿ ಊರವರು ಕೊಡಪಾನ ಕೊಡಪಾನ ನೀರು ಹೊತ್ತು ಸುರಿದಿದ್ದರು. ಮೇಲೆ ಉರಿ ಇಲ್ಲ, ಹೊಗೆ ಮಾತ್ರ. ಆರಿತು ಅಂತ ಎಲ್ಲರೂ ಕೂತಿದ್ದರು. ನಮ್ಮ ಜೊತೆಗಿದ್ದ ಹಿರಿಯ ಅಗ್ನಿಶಾಮಕರು ಕೊಕ್ಕೆ ಹಾಕಿ ಒಂದು ಕಡೆ ಎಳೆದರು. ಒಳಗೆ ಕೆಂಡ, ಕುಂಬಾರನ ಆವಿಗೆ ಥರ. ಗಾಳಿ ತಾಗಿದ್ದೇ ತಡ, ಭಗ್ಗಂತ ಎದ್ದಿತು. ಬಣವಿಯಲ್ಲಿ ನೀರು ಮೇಲೆ ಜಾರಿ ಹೋಗುತ್ತದೆ, ಒಳಗೆ ಇಳಿಯಲ್ಲ. ಸಿವುಡು ಸಿವುಡಾಗಿ, ಒಂದೊಂದೇ ಕಟ್ಟಾಗಿ ಬಿಡಿಸಿ, ಒಂದೊಂದನ್ನೂ ತೋಯಿಸಬೇಕು. ಅವತ್ತು ಜೆಸಿಬಿ ತರಿಸಿ ಸಂಜೆವರೆಗೂ ಅದನ್ನೇ ಮಾಡಿದೆವು. ನನ್ನ ಕೆಲಸ? ಜನರನ್ನು ಗಾಳಿ ಬೀಸುವ ಕಡೆಯಿಂದ ಸರಿಸೋದು, ಪಕ್ಕದ ಬಣವಿ ಮೇಲೆ ತೋಯಿಸಿದ ಚೀಲ ಹಾಕಿಸೋದು, ಗಾಡಿಗೆ ಮತ್ತೆ ನೀರು ತುಂಬಲು ಬೋರ್‌ವೆಲ್ ಎಲ್ಲಿದೆ ಅಂತ ಹುಡುಕೋದು. ಅಷ್ಟೇ. ಆದರೆ ಆ ನೀರು ಸಿಗದಿದ್ದರೆ ಉಳಿದ ಮೇವೂ ಹೋಗ್ತಿತ್ತು. ಆ ಮನೆಯವರ ದನಗಳಿಗೆ ಮುಂದಿನ ಮಳೆಗಾಲದವರೆಗೆ ಇದ್ದಿದ್ದೇ ಅದು.

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಂದಾಗ ಹೊಳೆ ದಂಡೆಯ ಊರೊಂದಕ್ಕೆ ನಮ್ಮನ್ನು ಕಳಿಸಿದ್ದರು. ಹೊರಗಿನಿಂದ ಬಂದ ರಕ್ಷಣಾ ತಂಡದವರಿಗೆ ಹಿಂದಿ ಬಿಟ್ಟರೆ ಬೇರೆ ಬರ್ತಿರಲಿಲ್ಲ. ಒಬ್ಬ ಆಯಿ ಹೊಸ್ತಿಲು ಬಿಟ್ಟು ಏಳಲಿಲ್ಲ. "ನನ್ನ ಎಮ್ಮಿ ಬಿಟ್ಟು ನಾ ಬರಂಗಿಲ್ಲ ಯಪ್ಪಾ, ನೀವು ಹೋಗ್ರಿ" ಅಂದಳು. ಬೋಟಿನವರು ಅವಸರ ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು, "ಆಯಿ, ಎಮ್ಮಿ ಹಗ್ಗ ಬಿಚ್ಚೀನಿ, ಅದು ಈಜಿ ದಿಬ್ಬಕ್ಕ ಹೋಗ್ತದ. ನಿನಗ ಈಜು ಬರ್ತದೇನು?" ಅಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಗಂಟು ಕಟ್ಟಿಕೊಂಡು ಎದ್ದಳು. ಎಮ್ಮೆ ಎರಡು ದಿನ ಬಿಟ್ಟು ದಿಬ್ಬದ ಮೇಲೆ ಸಿಕ್ಕಿತು. ನಿಮ್ಮಂಥ ಊರಿನ ಹುಡುಗರು ಬೇಕಾಗೋದು ಇಂಥ ಕಡೆ. ಕನ್ನಡ, ಉರ್ದು, ಲಂಬಾಣಿ ಮಾತಾಡೋಕೆ ಬಂದರೆ ಅದು ಹಗ್ಗದಷ್ಟೇ ಉಪಯೋಗ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಹಳೇ ಬಾವಿಗೆ ಯಾರಾದರೂ ಬಿದ್ದರೆ ಸುಮ್ನೆ ಇಳಿಯಬೇಡಿ. ಒಳಗೆ ಉಸಿರಾಡೋ ಗಾಳಿ ಕಡಿಮೆ ಇರಬಹುದು, ವಿಷಗಾಳಿ ಇರಬಹುದು, ಮೇಲಿಂದ ಏನೂ ಗೊತ್ತಾಗಲ್ಲ. ಒಬ್ಬ ಇಳಿದು ಬೀಳುತ್ತಾನೆ, ಅವನನ್ನು ಎತ್ತೋಕೆ ತಮ್ಮ ಇಳಿಯುತ್ತಾನೆ, ಅವನೂ ಬೀಳುತ್ತಾನೆ. 112ಕ್ಕೋ 101ಕ್ಕೋ ಫೋನ್ ಮಾಡಿ, ಉಸಿರಾಟದ ಸಾಧನ ಹಾಕಿಕೊಂಡವರು ಬರುವವರೆಗೆ ಬೇರೆಯವರನ್ನು ತಡೆದು ನಿಲ್ಲಿಸಿ. ಬೈದರೂ ಬೈಸಿಕೊಳ್ಳಿ.

ಈಜಿನ ವಿಷಯ: ಬರದಿದ್ದರೂ ಠಾಣೆಯಲ್ಲಿ ಕೆಲಸ ಬೇಕಾದಷ್ಟಿದೆ, ಆದರೆ ನೀರಿನ ಹತ್ತಿರ ಬಿಡಲ್ಲ. ಈ ಬೇಸಿಗೆಯಲ್ಲೇ ಕಲಿತುಬಿಡಿ, ಕೆರೆಯಲ್ಲಿ ಒಬ್ಬರೇ ಅಲ್ಲ, ಹೇಳಿಕೊಡುವವರ ಜೊತೆ. ನೈಲಾನ್ ಪ್ಯಾಂಟು ಬೇಡ, ಬಿಸಿಗೆ ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆ, ಗಟ್ಟಿ ಶೂ ಇರಲಿ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರಲ್ಲಿ ಅದೇ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಗೊಂಡು ಬೆಂಕಿ ಆರಿಸಲು ಹೋದ ಅನೇಕ ಅಗ್ನಿಶಾಮಕರು ತೀರಿಕೊಂಡರು, ಅವರ ನೆನಪಿಗೆ. ಆ ವಾರ ಠಾಣೆಯವರು ಸಾರ್ವಜನಿಕರಿಗೆ ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಾರೆ. ಇಬ್ಬರು ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ. ಠಾಣಾಧಿಕಾರಿಗಳಿಗೆ ನಮಸ್ಕಾರ ಮಾಡಿ, "ಸರ್, ಹೋಸ್ ಸುತ್ತೋದು ಕಲಿಸ್ರಿ" ಅಂತ ಕೇಳಿ. ನಾನೂ ಹಾಗೇ ಕೇಳಿದ್ದೆ. ಅವತ್ತು ಮಧ್ಯಾಹ್ನದೊಳಗೆ ನನ್ನ ಕೈಯಲ್ಲಿ ಹನ್ನೆರಡು ಹೋಸ್ ಸುತ್ತಿಸಿದರು.