‘ಹಿಂದೆ ಬಿದ್ದರೆ ಒಪ್ಪುತ್ತಾಳೆ’ ಎಂದು ನಂಬಿದ್ದ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 19, ಬಿ.ಕಾಂ. ಎರಡನೇ ವರ್ಷ. ಕಾಲೇಜಿನವರು ಹೇಳಿದ್ದಕ್ಕೆ ತಂದೆ ಆಪ್ತಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದಿದ್ದರು. ಕ್ಲಾಸಿನ ಹುಡುಗಿಯೊಬ್ಬಳು ಇಷ್ಟವಿಲ್ಲ ಎಂದು ನೇರವಾಗಿ ಹೇಳಿದ ಮೇಲೂ ಇವನು ದಿನಾ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಅವಳ ಬಸ್ಸಿನ ಹಿಂದೆ ಬೈಕಿನಲ್ಲಿ ಹೋಗುತ್ತಿದ್ದ. ಬೇರೆ ಬೇರೆ ನಂಬರಿನಿಂದ ಮೆಸೇಜ್ ಹಾಕುತ್ತಿದ್ದ. ಅವಳು ಹೆದರಿ ಕಾಲೇಜಿಗೆ ಬರುವುದನ್ನೇ ನಿಲ್ಲಿಸಿದ್ದಳು.

ತಂದೆಯನ್ನು ಹೊರಗೆ ಕೂರಿಸಿ ಮಾತಾಡಿಸಿದೆ. “ನಾನೇನೂ ಕೆಟ್ಟದ್ದು ಮಾಡಿಲ್ಲ ಮೇಡಂ. ಹುಡುಗೀರು ಮೊದಲು ಬೇಡ ಅಂತಾನೇ ಅನ್ನೋದು ಅಲ್ವಾ? ನಿಜವಾದ ಪ್ರೀತಿ ಆದ್ರೆ ಬಿಡಬಾರದು” ಎಂದ.

ಎಷ್ಟೋ ಸಿನಿಮಾಗಳ ಮೊದಲರ್ಧವೇ ಇದು. ಹೀರೊ ಹಿಂದೆ ಬೀಳುತ್ತಾನೆ, ಅವಳು ಬೈಯುತ್ತಾಳೆ, ಇಂಟರ್ವಲ್ ಹೊತ್ತಿಗೆ ಕರಗುತ್ತಾಳೆ. ಅವಳ ಭಯವನ್ನು ಯಾರೂ ತೋರಿಸುವುದಿಲ್ಲ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ.

ಇನ್ನಷ್ಟು ಮಾತಾಡಿದಾಗ ಬೇರೆಯದೂ ಹೊರಬಂತು. ಇಂಗ್ಲಿಷ್ ಬರದೆ ಅವನು ಕೊನೆಯ ಬೆಂಚಿನಲ್ಲಿ ಮುದುಡಿ ಕೂರುತ್ತಿದ್ದ. “ಅವಳು ಒಪ್ಪಿದ್ರೆ ನನಗೂ ಒಂದು ಬೆಲೆ ಬರ್ತಿತ್ತು” ಎಂದ. ಕೆಲಸವಿಲ್ಲದ ಹುಡುಗ ಪ್ರೀತಿ ಗೆದ್ದ ಕೂಡಲೇ ದೊಡ್ಡವನಾಗುವುದನ್ನು ಅವನು ತೆರೆಯ ಮೇಲೆ ನೋಡಿ ಬೆಳೆದಿದ್ದ.

ಸಿನಿಮಾ ನೋಡಬೇಡ ಎಂದು ನಾನು ಹೇಳಲಿಲ್ಲ. 1972ರ ‘ಬಂಗಾರದ ಮನುಷ್ಯ’ ನೋಡಿ ಊರಿಗೆ ಮರಳಿ ಬೇಸಾಯಕ್ಕಿಳಿದವರ ಮಾತು ನಮ್ಮಲ್ಲಿ ಇನ್ನೂ ಬರುತ್ತದೆ. ಅವನ ಅಜ್ಜನೂ ಅದನ್ನು ಹೇಳುತ್ತಿದ್ದರಂತೆ. ಹಾಗಾಗಿ ಅವನಿಗೆ ಇಷ್ಟವಾದ ಒಂದು ದೃಶ್ಯವನ್ನು ಹುಡುಗಿಯೇ ಹೇಳುವಂತೆ ಬರೆಯಲು ಕೊಟ್ಟೆ. “ಬಸ್ ಇಳಿದಾಗ ಅವನಿದ್ದ. ಮಾರನೇ ದಿನವೂ ಇದ್ದ. ಮನೇಲಿ ಹೇಳಿದ್ರೆ ಕಾಲೇಜು ಬಿಡಿಸ್ತಾರೆ.” ಇಷ್ಟು ಬರೆದು ನಿಲ್ಲಿಸಿಬಿಟ್ಟ.

ಆಮೇಲೆ ಕಾನೂನು ಹೇಳಿದೆ. ಬೇಡವೆಂದ ಮೇಲೂ ಹೆಣ್ಣನ್ನು ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲ 3 ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ 5 ವರ್ಷದವರೆಗೆ.

ಕೊಟ್ಟ ಸಲಹೆ: ಇವತ್ತಿಗೇ ಎಲ್ಲ ನಿಲ್ಲಬೇಕು. ಸಾರಿ ಕೇಳುವ ನೆಪದಲ್ಲೂ ಅವಳ ಹತ್ತಿರ ಹೋಗಬಾರದು, ಗೆಳೆಯರ ಕೈಲಿ ಹೇಳಿಕಳಿಸಲೂಬಾರದು. ಬೇಸರವಾದಾಗ ನನಗೆ ಫೋನ್ ಮಾಡಬಹುದು. ಇಂಗ್ಲಿಷ್ ಕಲಿಯಲು ಸಂಜೆ ತರಗತಿಗೆ ಸೇರಬೇಕು. ತಂದೆಗೆ, ಹೊಡೆಯಬೇಡಿ, ಆದರೆ ‘ವಯಸ್ಸಿನ ಹುಡುಗಾಟ’ ಎಂದು ಸುಮ್ನೆ ಬಿಡಲೂಬೇಡಿ ಎಂದೆ.

ಕಾಲೇಜಿಗೂ ಬರೆದೆ: ಮೊದಲು ಆ ಹುಡುಗಿಯನ್ನು ಮಾತಾಡಿಸಿ, ಅವಳು ದೂರು ಕೊಡುವುದಾದರೆ ಜೊತೆಗೆ ನಿಲ್ಲಿ. ಕ್ಲಾಸಿನ ಸೆಕ್ಷನ್ ಬದಲಿಸಬೇಕಾದರೆ ಇವನದ್ದನ್ನು ಬದಲಿಸಿ, ಅವಳದ್ದನ್ನಲ್ಲ.