ಹಳೇ ಲೇಥ್ ಟೇಪರ್ ತಿರುವುತ್ತಿದ್ದರೆ

ಪ್ರಶ್ನೆ: ಗುಜರಿಯಿಂದ ತಂದ ಹಳೆಯ ಆರಡಿ ಬೆಲ್ಟ್ ಲೇಥ್ (ಲೋಹದ ರಾಡ್ ತಿರುಗಿಸಿ ಕಡೆಯುವ ಯಂತ್ರ). ರಾಡನ್ನು ಚಕ್‌ನಲ್ಲಿ (ರಾಡ್ ಕಚ್ಚಿ ತಿರುಗಿಸುವ ಹಿಡಿ) ಹಿಡಿದು 150 ಮಿ.ಮೀ. ಉದ್ದ ತಿರುವಿದರೆ ಹೊರತುದಿ ಚಕ್ ಕಡೆಗಿಂತ 0.08 ಮಿ.ಮೀ. ದಪ್ಪ, ಅಂದರೆ ಟೇಪರ್ ಬರುತ್ತದೆ. ಬೆಡ್ (ಲೇಥಿನ ಉದ್ದನೆಯ ಹಾಸು) ಗ್ರೈಂಡಿಂಗ್ ಮಾಡಿಸಬೇಕೆ?
– ಓದುಗರು, ಕಲಬುರಗಿ

ಉತ್ತರ: ಈಗಲೇ ಬೇಡ, ಅದು ದುಬಾರಿ ಕೆಲಸ. ಮೊದಲು ನೆಲ ನೋಡಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ತೆಳು ಕಾಂಕ್ರೀಟಿನ ಮೇಲೆ ನಿಂತ ಬೆಡ್ ತಿರುಚಿಕೊಳ್ಳುವುದು ಸಹಜ.

ಮೀಟರಿಗೆ 0.02 ಮಿ.ಮೀ. ತೋರಿಸುವ ಲೆವೆಲ್ ತನ್ನಿ, ಗಾರೆಯವರದ್ದು ನಡೆಯದು. ಬೆಡ್‌ಗೆ ಅಡ್ಡವಾಗಿ ಹೆಡ್‌ಸ್ಟಾಕ್ (ಚಕ್ ಇರುವ ತಲೆಭಾಗ) ಬಳಿ, ಟೇಲ್‌ಸ್ಟಾಕ್ (ಎದುರು ತುದಿಯ ಭಾಗ) ಬಳಿ ಇಟ್ಟು ಎರಡೂ ಕಡೆ ಒಂದೇ ರೀಡಿಂಗ್ ಬರುವಂತೆ ಕಾಲಿನಡಿ ಶಿಮ್ (ತೆಳು ಲೋಹದ ತಗಡು) ಕೊಡಿ.

ಆಮೇಲೆ 40 ಮಿ.ಮೀ. ರಾಡ್‌ನಲ್ಲಿ 150 ಮಿ.ಮೀ. ಅಂತರದ ಎರಡು ಕಾಲರ್ (ಉಬ್ಬಿದ ಪಟ್ಟಿ) ಬಿಟ್ಟು, ಟೇಲ್‌ಸ್ಟಾಕ್ ಸೆಂಟರ್‌ನ ಆಧಾರವಿಲ್ಲದೆ, ಹಗುರ ಕಟ್‌ನಲ್ಲಿ ಒಂದೇ ಸೆಟ್ಟಿಂಗ್‌ನಲ್ಲಿ ತಿರುವಿ ಅಳೆಯಿರಿ. ಹೊರತುದಿ ಇನ್ನೂ ದಪ್ಪವೇ? ಟೇಲ್‌ಸ್ಟಾಕ್ ಕಡೆಯ ಮುಂಗಾಲು, ಅಂದರೆ ಆಪರೇಟರ್ ನಿಲ್ಲುವ ಬದಿಯದು, ತುಸು ಎತ್ತಿ. ಎರಡು ಕಾಲರ್‌ಗಳ ವ್ಯತ್ಯಾಸ 0.02 ಮಿ.ಮೀ. ಒಳಗೆ ಬಂದರೆ ಮುಟ್ಟಬೇಡಿ.

ಅಷ್ಟಾದರೂ ಸರಿಹೋಗದಿದ್ದರೆ ಹೆಡ್‌ಸ್ಟಾಕ್ ಕೂರುವ ಜಾಗದಲ್ಲಿ ಲೋಹದ ಚಿಪ್ಸ್, ಪೇಂಟ್ ಸಿಕ್ಕಿದೆಯೇ ನೋಡಿ. ಚಕ್ ಬಳಿಯ ಬೆಡ್ ಸವೆತದ ಸರದಿ ಕೊನೆಗೆ.

ತುಕ್ಕಿಗೆ ಸೀಮೆಎಣ್ಣೆ, ಬ್ಲೇಡ್ ಸಾಕು. ಬೆಡ್ ಮೇಲೆ ಎಮರಿ ಡಿಸ್ಕ್ ಮಾತ್ರ ಓಡಿಸಬೇಡಿ.